ಕೌದಿ ಚೀಲದ ಲ್ಯಾಪ್‌ಟಾಪು

ಒಂದು ವಸ್ತು ಹಗುರವೋ ಭಾರವೋ ಎಂಬುದನ್ನು ಅದನ್ನು ಮಾರುವವನ ಬಾಯಿಂದ ಕೇಳಬಾರದು, ಕೊಳ್ಳುವವನ ಬಾಯಿಂದಲೂ ಕೇಳಬಾರದು. ಹೊರುವವನನ್ನು ಕೇಳಬೇಕು. ಅದೂ ಅವನು ಬಸ್‌ಸ್ಟ್ಯಾಂಡಿನಲ್ಲಿ ಬಿಸಿಲಿಗೆ ನಿಂತಿರುವಾಗ ಕೇಳಬೇಕು. ಫ್ಯಾನಿನ ಕೆಳಗೆ ಕೂತವರಿಗೆ ಜಗತ್ತಿನ ಎಲ್ಲ ವಸ್ತುಗಳೂ ಹಗುರವೇ. ಈ ವಿಷಯದಲ್ಲಿ ಮಾತಾಡಲು ನನಗೆ ಪೂರ್ತಿ ಅಧಿಕಾರವಿದೆ ಎಂದು ವಿನಯದಿಂದಲೇ ಹೇಳುತ್ತೇನೆ. ಬೀಜ ಮಾರುವ ಕಂಪನಿಯೊಂದರ ಪ್ರತಿನಿಧಿಯಾಗಿ ಎಂಬತ್ತರ ದಶಕದ ಆರಂಭದಲ್ಲಿ ಸಿಂಧನೂರಿಗೆ ಬಂದವನು ಇಲ್ಲಿಯೇ ಬೇರು ಬಿಟ್ಟಿದ್ದೇನೆ. ಭಾನುವಾರ ಮನೆ, ಉಳಿದ ದಿನ ಬಸ್ಸು. ಮಸ್ಕಿ, ಲಿಂಗಸುಗೂರು, ಮುದಗಲ್ಲು, ಅಲ್ಲಿಂದ ತಿರುಗಿ ಸಿಂಧನೂರು. ಇಷ್ಟು ವರ್ಷದಲ್ಲಿ ನಾನು ರೈತರಿಗೆ ಮಾರಿದ ಬೀಜ ಎಷ್ಟೋ ಗೊತ್ತಿಲ್ಲ, ಹೊತ್ತ ಭಾರ ಮಾತ್ರ ನನ್ನ ಎಡ ಭುಜಕ್ಕೆ ಚೆನ್ನಾಗಿ ಗೊತ್ತಿದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡಬೇಕು. ನಾನು ಸುಲಭಕ್ಕೆ ಯಾವುದನ್ನೂ ಹೊಗಳುವ ಮನುಷ್ಯನಲ್ಲ. ಬೀಗರ ಮನೆಯ ಊಟಕ್ಕೆ ಹೋದಾಗ ಕೂಡ, ಹೋಳಿಗೆಯಲ್ಲಿ ಹೂರಣ ಕಡಿಮೆಯಾಯಿತು ಎಂದು ಬಾಯಿತಪ್ಪಿ ಅಂದು, ಹೆಂಡತಿಯ ಕೈಲಿ ತೊಡೆ ಚಿವುಟಿಸಿಕೊಂಡವನು. ಅಂಥ ನಾನು ನನ್ನ ಸರ್ವಿಸಿನಲ್ಲಿ ಮನಸಾರೆ, ಹೃತ್ಪೂರ್ವಕವಾಗಿ, ಒಂದು ಕೊಂಕೂ ಇಲ್ಲದೆ ಹೊಗಳಿದ ವಸ್ತು ಒಂದೇ ಒಂದು. ಹೊಗಳಿದ್ದಕ್ಕೆ ಅನುಭವಿಸಿದ್ದೂ ಅದರಿಂದಲೇ.

ಮೊದಲು ಟೈಪ್‌ರೈಟರಿನ ವಿಷಯ. ಕೆಲಸಕ್ಕೆ ಸೇರಿದ ಹೊಸದರಲ್ಲೇ ಕಂಪನಿಯವರು ನನಗೊಂದು ಟೈಪ್‌ರೈಟರ್ ಕೊಟ್ಟರು. ಊರೂರಿನ ಅಂಗಡಿಗಳ ಬೇಡಿಕೆಯನ್ನು ಅಲ್ಲಲ್ಲೇ ಟೈಪು ಮಾಡಿ ಹುಬ್ಬಳ್ಳಿಯ ಆಫೀಸಿಗೆ ಅಂಚೆಗೆ ಹಾಕಬೇಕು ಎಂಬುದು ಕ್ರಮ. ಅದರ ಹೆಸರು ‘ಪೋರ್ಟಬಲ್’. ಹಾಗೆಂದರೆ ಹೊತ್ತು ತಿರುಗಬಹುದಾದದ್ದು ಎಂದು ಅರ್ಥವಂತೆ. ಹಾಗೆ ನೋಡಿದರೆ ಬೀಸುವ ಕಲ್ಲೂ ಪೋರ್ಟಬಲ್ಲೇ, ಹೊರುವವನೊಬ್ಬ ಸಿಕ್ಕರೆ ಸಾಕು. ಮರದ ಪೆಟ್ಟಿಗೆ, ಅದರೊಳಗೆ ಕಬ್ಬಿಣ, ಪೆಟ್ಟಿಗೆಗೊಂದು ಚರ್ಮದ ಹಿಡಿಕೆ. ಹಿಡಿಕೆ ಮೂರೇ ತಿಂಗಳಿಗೆ ಕಿತ್ತುಹೋಯಿತು, ಆಮೇಲೆ ಹಗ್ಗ ಬಿಗಿದು ಹೆಗಲಿಗೆ ಹಾಕಿಕೊಂಡೆ. ಅದರಲ್ಲಿದ್ದ ಒಂದೇ ಒಳ್ಳೆಯ ಗುಣವೆಂದರೆ ಬಸ್ಸಿನಲ್ಲಿ ಸೀಟು ಸಿಗದ ದಿನ ಅದರ ಮೇಲೆ ಕುಳಿತುಕೊಳ್ಳಬಹುದಾಗಿತ್ತು. ನನಗೆ ಅಂಗಿ ಹೊಲಿಯುವ ಖಾಜಾಸಾಬ್ ಪ್ರತಿ ವರ್ಷ ದೀಪಾವಳಿಗೆ ಅಳತೆ ತೆಗೆಯುವಾಗ ಎರಡೆರಡು ಸಲ ಟೇಪು ಹಿಡಿಯುತ್ತಿದ್ದ. ‘ಸಾಹೇಬ್ರ, ಎಡಗಡಿ ಭುಜ ಹೋದ ವರ್ಷಕ್ಕಿಂತ ಇನ್ನಾ ಕೆಳಗ ಇಳದೈತ್ರಿ. ಹಿಂಗಾ ಆದ್ರ ಮುಂದ ಕಿಸೆ ಇಡಾಕ ಜಾಗ ಉಳಿಯಂಗಿಲ್ಲ ನೋಡ್ರಿ’ ಎನ್ನುತ್ತಿದ್ದ. ಮನೆಗೆ ಬಂದರೆ ನನ್ನ ಹೆಂಡತಿ ನೀಲಮ್ಮ ಎಳ್ಳೆಣ್ಣೆ ಬಿಸಿ ಮಾಡಿ ಭುಜಕ್ಕೆ ತಿಕ್ಕುತ್ತ ಕಂಪನಿಯವರ ವಂಶವನ್ನೆಲ್ಲ ಹರಸುತ್ತಿದ್ದಳು.

ಹೋದ ಶ್ರಾವಣದಲ್ಲಿ ಹುಬ್ಬಳ್ಳಿಯಿಂದ ಕರೆ ಬಂತು. ಅಲ್ಲಿ ನಮ್ಮ ಮೇಲಧಿಕಾರಿ ದೇಶಪಾಂಡೆ ಸಾಹೇಬರು. ಅವರು ಮೇಜಿನ ಮೇಲಿದ್ದ ಒಂದು ಕಪ್ಪನೆಯ ಚಪ್ಪಟೆ ವಸ್ತುವನ್ನು ನನ್ನ ಕಡೆಗೆ ಸರಿಸಿದರು. ನೋಡಲಿಕ್ಕೆ ದೊಡ್ಡ ಪಾಟಿಯ ಹಾಗಿತ್ತು. ಮುಚ್ಚಳ ಎತ್ತಿದರೆ ಕೆಳಗೆ ಅಕ್ಷರದ ಗುಂಡಿಗಳು, ಮೇಲೆ ಗಾಜು. ‘ಇದು ಲ್ಯಾಪ್‌ಟಾಪ್. ಪ್ರವಾಸಕ್ಕ ಅಂತನ ಮಾಡಿದ ಹಗುರಾದ ಕಂಪ್ಯೂಟರ್. ಒಂದು ತಿಂಗಳು ನಿಮ್ಮ ಕಡೆ ಇರ್ಲಿ. ಊರೂರು ತಿರುಗಿಸ್ರಿ, ಮನ್ಯಾಗೂ ದಿನಾ ಬಳಸ್ರಿ, ಎರಡಕ್ಕೂ ಬರ್ತದೋ ಇಲ್ಲೋ ನೋಡಿ ಹೇಳ್ರಿ. ನಿಮ್ಮ ಕೈಯಾಗ ಉಳೀತು ಅಂದ್ರ ಯಾರ ಕೈಯಾಗರೆ ಉಳೀತದ’ ಎಂದರು. ಇದನ್ನು ಹೊಗಳಿಕೆಯೆಂದು ತಿಳಿದು ನಾನು ನಾಚಿಕೊಂಡೆ. ಹೊಗಳಿಕೆ ಅಲ್ಲವೇನೋ ಎಂಬ ಸಂಶಯ ಬಂದದ್ದು ಬಸ್ಸು ಗದಗು ದಾಟಿದ ಮೇಲೆ. ಹೊರಡುವಾಗ ಸಾಹೇಬರು ಇನ್ನೊಂದು ಮಾತು ಸೇರಿಸಿದ್ದರು: ‘ತಿಂಗಳ ಕಡೀಗೆ ನಾನ ಲಿಂಗಸುಗೂರಿಗೆ ಬರ್ತೇನಿ. ಎಲ್ಲಾ ಛಲೋ ಇದ್ರ ಇದು ನಿಮ್ಮ ಕಡೇನ ಉಳೀತದ, ಟೈಪ್‌ರೈಟರ್ ಗೋದಾಮಿಗೆ ಹೋಗ್ತದ. ಇದಕ್ಕ ಏನರೆ ಆತು ಅಂದ್ರ, ರಿಟೈರ್ ಆಗೂತನಕ ಆ ಟೈಪ್‌ರೈಟರ್ ನಿಮ್ಮ ಹೆಗಲ ಮ್ಯಾಲೆ.’

ಓದುಗರೇ, ನನ್ನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ. ಒಂದು ಕಡೆ ಈ ಗರಿ, ಇನ್ನೊಂದು ಕಡೆ ಆ ಗುಂಡುಕಲ್ಲು. ಹುಬ್ಬಳ್ಳಿಯಿಂದ ಸಿಂಧನೂರಿನವರೆಗೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೇಲೊಂದು ಕೈ ಇಟ್ಟುಕೊಂಡು ಬಂದೆ. ನೀರು ಕುಡಿಯಲೂ ಇಳಿಯಲಿಲ್ಲ. ನಡುನಡುವೆ ಅದು ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾಗುತ್ತಿತ್ತು, ಅಷ್ಟು ಹಗುರ. ಟೈಪ್‌ರೈಟರ್ ಇದ್ದಾಗ ಈ ಸಂಶಯ ನನಗೆ ಒಂದು ಕ್ಷಣವೂ ಬಂದಿರಲಿಲ್ಲ.

ಮನೆಯಲ್ಲಿ ಅದರ ಪರೀಕ್ಷೆಯನ್ನು ಮೊದಲು ಮಾಡಿದವಳು ನೀಲಮ್ಮ. ಒಂದು ಕೈಯಲ್ಲಿ ನೀರು ತುಂಬಿದ ತಂಬಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪು ಎತ್ತಿ, ಕಣ್ಣು ಮುಚ್ಚಿ ತೂಗಿ ನೋಡಿದಳು. ‘ತಂಬಿಗಿಗೂ ಇದಕ್ಕೂ ಬರಾಬರಿ ಐತಿ ನೋಡ್ರಿ. ಇಷ್ಟರಾಗ ಅವ್ರು ಏನ್ ತುಂಬ್ಯಾರ? ಖಾಲಿ ಡಬ್ಬಿ ಕೊಟ್ಟು ಕಳಿಸಿಲ್ಲ ಹೌದಿಲ್ಲೋ?’ ಎಂದು ಕೇಳಿದಳು. ನಾನು ಅದನ್ನು ತೆರೆದು ಗುಂಡಿ ಒತ್ತಿದೆ. ಗಾಜಿನಲ್ಲಿ ನೀಲಿ ಬೆಳಕು ಬಂತು. ನೀಲಮ್ಮ ಸೆರಗು ಸರಿ ಮಾಡಿಕೊಂಡಳು.

ಆಮೇಲಿನ ದಿನಗಳಲ್ಲಿ ನಾನು ಅದರ ಗುಣಗಳನ್ನು ಒಂದೊಂದಾಗಿ ಕಂಡುಕೊಂಡೆ, ಕಂಡುಕೊಂಡದ್ದನ್ನೆಲ್ಲ ಓಣಿಗೆ ಸಾರಿದೆ. ಟೈಪ್‌ರೈಟರಿನಲ್ಲಿ ನಾನು ಕೆಲಸಕ್ಕೆ ಕೂತರೆ ಆಚೆ ಮನೆಯವರು ಮಾಳಿಗೆ ರಿಪೇರಿ ನಡೆದಿದೆ ಎಂದು ತಿಳಿಯುತ್ತಿದ್ದರು. ಇದರಲ್ಲಿ ಸಪ್ಪಳವೇ ಇಲ್ಲ. ಅಕ್ಷರ ತಪ್ಪಾದರೆ ಬಿಳಿ ಬಣ್ಣ ಬಳಿದು, ಊದಿ ಒಣಗಿಸಿ, ಮತ್ತೆ ಹೊಡೆಯುವ ಪೀಕಲಾಟವಿಲ್ಲ. ಒಂದು ಗುಂಡಿ ಒತ್ತಿದರೆ ತಪ್ಪು ಮಾಯ, ತಪ್ಪು ಮಾಡಿದ ಗುರುತೂ ಮಾಯ. ಮನುಷ್ಯ ಹುಟ್ಟಿದಾಗಿನಿಂದ ಬಯಸಿದ ಸೌಲಭ್ಯ ಇದು! ಸಿಂಧನೂರಿನಲ್ಲಿ ಕರೆಂಟು ಹೋಗುವುದು ಗೊತ್ತೇ ಇದೆ. ಸಂಜೆ ಊರೆಲ್ಲ ಕತ್ತಲಾದಾಗ ನಮ್ಮ ಕಟ್ಟೆಯ ಮೇಲೆ ಇದೊಂದೇ ಬೆಳಗುತ್ತಿತ್ತು. ಆ ಬೆಳಕಿನಲ್ಲಿ ನೀಲಮ್ಮ ಅಕ್ಕಿಯಲ್ಲಿ ಹರಳು ಆರಿಸುತ್ತಿದ್ದಳು. ‘ದಿನಾ ಬಳಸ್ರಿ ಅಂದಾರಲ್ಲ, ನಾನೂ ಬಳಸಾಕತ್ತೀನಿ’ ಎಂದು ಸಮಜಾಯಿಷಿ ಬೇರೆ. ತೊಡೆಯ ಮೇಲೆ ಇಟ್ಟುಕೊಂಡರೆ ಸ್ವಲ್ಪ ಬೆಚ್ಚಗಾಗುತ್ತಿತ್ತು ಎಂಬುದು ನಿಜ. ಆದರೆ ನಮ್ಮ ಜಿಲ್ಲೆಯಲ್ಲಿ ಬೆಚ್ಚಗಾಗದ ವಸ್ತು ಯಾವುದಿದೆ ಎಂದು ಅದನ್ನು ನಾನು ಕೊರತೆಯ ಲೆಕ್ಕಕ್ಕೆ ಹಿಡಿಯಲಿಲ್ಲ.

ಕಂಪನಿ ಕೊಟ್ಟ ಚೀಲದ ವಿಷಯದಲ್ಲಿ ಮಾತ್ರ ನೀಲಮ್ಮ ತಕರಾರು ತೆಗೆದಳು. ಅದು ಮಿರಿಮಿರಿ ಹೊಳೆಯುವ ಕಪ್ಪು ಚೀಲ. ‘ಇದನ್ನ ನೇತು ಹಾಕ್ಕೊಂಡು ಬಸ್‌ಸ್ಟ್ಯಾಂಡಿಗೆ ಹೋದ್ರ, ಕಳ್ಳರಿಗೆ ನೀವ ಕರದು ಕೊಟ್ಟಂಗಾಕೈತಿ’ ಎಂದಳು. ಅವಳು ಕೌದಿ ಹೊಲಿಯುವುದರಲ್ಲಿ ಓಣಿಗೇ ಹೆಸರಾದವಳು. ಹಳೆಯ ಸೀರೆ, ಧೋತರ, ನನ್ನ ಸವೆದ ಅಂಗಿ ಎಲ್ಲವನ್ನೂ ಪದರ ಪದರವಾಗಿ ಇಟ್ಟು ಸಾಲು ಸಾಲಾಗಿ ಟಾಕು ಹಾಕಿ ಹೊಲಿದಳೆಂದರೆ ಆ ಹೊದಿಕೆಯ ಮುಂದೆ ಯಾವ ಗಾದಿಯೂ ಇಲ್ಲ. ಎರಡು ದಿನ ಕೂತು ಲ್ಯಾಪ್‌ಟಾಪಿಗೆ ಹೇಳಿ ಮಾಡಿಸಿದಂಥ ಕೌದಿಯ ಚೀಲ ಹೊಲಿದುಕೊಟ್ಟಳು. ಒಂದು ಬದಿಗೆ ಅವಳ ಕೆಂಪು ಇಳಕಲ್ ಸೀರೆಯ ಸೆರಗು, ಇನ್ನೊಂದು ಬದಿಗೆ ನನ್ನ ಮದುವೆಯ ಅಂಗಿ. ಬಾಯಿಗೆ ಕಸೆ. ಅದರೊಳಗೆ ಕಂಪ್ಯೂಟರ್ ಇದೆ ಎಂದು ಸಾಕ್ಷಾತ್ ಅದನ್ನು ಕಂಡುಹಿಡಿದವನು ಬಂದರೂ ಹೇಳಲಾರ. ಹೊಲದ ದಾರಿಯಲ್ಲಿ ಬುತ್ತಿ ಗಂಟು ಹೋದ ಹಾಗೆ ಹೋಗುತ್ತಿತ್ತು.

ಇನ್ನು ಬಸ್ಸು ಹತ್ತುವ ರೀತಿಯನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಕಡೆ ಬಸ್ಸು ಸ್ಟ್ಯಾಂಡಿನೊಳಗೆ ಬರುತ್ತಿದ್ದಂತೆ ಬಾಗಿಲ ಕಡೆಗೆ ಓಡುವವನು ಹೊಸಬ. ಅನುಭವಸ್ಥ ಕಿಟಕಿಯ ಕಡೆಗೆ ಓಡುತ್ತಾನೆ. ಹೆಗಲ ಮೇಲಿನ ಟವೆಲ್ಲನ್ನೋ ಕಿಸೆಯ ದಸ್ತಿಯನ್ನೋ ಕಿಟಕಿಯಿಂದ ಒಳಗೆ ಎಸೆದು ಸೀಟಿನ ಮೇಲೆ ಬೀಳಿಸಿದನೆಂದರೆ ಆ ಸೀಟು ಅವನದಾಯಿತು. ಇದಕ್ಕೆ ‘ವಸ್ತ್ರ ಹಾಕುವುದು’ ಎನ್ನುತ್ತೇವೆ. ವಸ್ತ್ರ ಬಿದ್ದ ಸೀಟಿನಲ್ಲಿ ಇನ್ನೊಬ್ಬ ಕೂರುವಂತಿಲ್ಲ. ಹೊಲದ ಬದುವನ್ನು ಒತ್ತಿದವನಿಗೂ ಕ್ಷಮೆಯುಂಟು, ವಸ್ತ್ರ ಸರಿಸಿ ಕೂತವನಿಗೆ ಇಳಿಯುವ ತನಕ ಇಡೀ ಬಸ್ಸಿನ ಬೈಗುಳ. ಹಾಗಾಗಿ ವಸ್ತ್ರ ಹಾಕಿದವನು ರಾಜ. ಬಾಗಿಲಲ್ಲಿ ಜನ ಒಬ್ಬರ ಕಾಲು ಒಬ್ಬರು ತುಳಿಯುತ್ತಿರುವಾಗ ಅವನು ಹೋಟೆಲಿಗೆ ಹೋಗಿ ಚಹಾ ಕುಡಿದು, ಕಂಡಕ್ಟರ್ ಸೀಟಿ ಊದಿದ ಮೇಲೆ ನಿಧಾನಕ್ಕೆ ಬಂದು ತನ್ನ ಜಾಗದಲ್ಲಿ ಕೂರುತ್ತಾನೆ. ನಾನು ಈ ವಿದ್ಯೆಯಲ್ಲಿ ಪಳಗಿದವನು. ಓಡುವ ಬಸ್ಸಿನಲ್ಲೂ ಇಂಥದೇ ಸೀಟು ಎಂದು ಗುರಿ ಹಿಡಿದು ಎಸೆಯಬಲ್ಲೆ. ಇದಕ್ಕೆ ಬುದ್ಧಿಯ ಅಗತ್ಯವಿಲ್ಲ, ಕೈಗೇ ಗೊತ್ತಿರುತ್ತದೆ. ಅಲ್ಲಿಯೇ ಎಡವಟ್ಟಾಯಿತು.

ತಿಂಗಳು ಮುಗಿಯಲು ಇನ್ನೊಂದು ವಾರವಿತ್ತು. ಲಿಂಗಸುಗೂರಿನಲ್ಲಿ ಅಂಗಡಿಯವರ ಸಭೆ. ಸಿಂಧನೂರಿನ ಸ್ಟ್ಯಾಂಡಿನಲ್ಲಿ ನಿಂತಿದ್ದೆ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಕೌದಿ ಚೀಲ. ಮುದಗಲ್ಲಿನ ಬಸ್ಸು ಧೂಳೆಬ್ಬಿಸುತ್ತ ಒಳಗೆ ಬಂತು, ಅದು ಮಸ್ಕಿ, ಲಿಂಗಸುಗೂರಿನ ಮೇಲೆ ಹೋಗುವಂಥದು. ನಾನು ಓಡಿದೆ, ಕಿಟಕಿಯ ಪಕ್ಕದ ಸೀಟಿಗೆ ಗುರಿ ಹಿಡಿದೆ, ಎಸೆದೆ. ಸರಿಯಾಗಿ ಸೀಟಿನ ಮೇಲೆ ಬಿದ್ದದ್ದನ್ನು ಕಣ್ಣಾರೆ ಕಂಡು ತೃಪ್ತನಾಗಿ ಹೋಟೆಲಿನ ಕಡೆ ನಡೆದೆ. ಚಹಾ ಚೆನ್ನಾಗಿತ್ತು. ಅರ್ಧ ಕುಡಿದಿದ್ದೆ, ಕಂಡಕ್ಟರ್ ಸೀಟಿ ಊದಿದ. ಗಡಿಬಿಡಿ ಏನಿದೆ, ಸೀಟು ನನ್ನದೇ ಇದೆ ಎಂದುಕೊಂಡು ಹೆಗಲ ಮೇಲಿನ ಟವೆಲ್ಲಿನಿಂದ ಬಾಯಿ ಒರೆಸಿಕೊಂಡೆ. ಒರೆಸಿಕೊಳ್ಳುತ್ತಿರುವಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಟವೆಲ್ಲು ಇಲ್ಲಿದ್ದರೆ ಬಸ್ಸಿನಲ್ಲಿ ಏನಿದೆ? ಎಡಗೈ ತಾನಾಗಿ ಪಕ್ಕಕ್ಕೆ ತಡಕಾಡಿತು. ಅಲ್ಲಿ ಏನೂ ಇರಲಿಲ್ಲ.

ಅಯ್ಯೋ ಶಿವನೇ! ಓಡಿದೆ. ಬಸ್ಸು ಆಗಲೇ ಸ್ಟ್ಯಾಂಡಿನ ಬಾಗಿಲು ದಾಟಿ ಮಸ್ಕಿಯ ದಾರಿ ಹಿಡಿದಿತ್ತು. ‘ಹೋಲ್ಡಾನ್! ಹೋಲ್ಡಾನ್!’ ಎಂದು ಕೂಗಿದೆ. ಬಸ್ಸಿನ ಹಿಂದಿನಿಂದ ಹೊಗೆ ಬಂತು, ಬೇರೆ ಉತ್ತರ ಬರಲಿಲ್ಲ. ಕಣ್ಣ ಮುಂದೆ ಮರದ ಪೆಟ್ಟಿಗೆ, ಅದರ ಹಗ್ಗ, ಖಾಜಾಸಾಬ್‌ನ ಟೇಪು ಎಲ್ಲ ಒಟ್ಟಿಗೆ ಬಂದು ನಿಂತವು. ನನ್ನನ್ನೇ ನಾನು ಬಾಯಿಗೆ ಬಂದಂತೆ ಬೈದುಕೊಂಡೆ. ಎಸೆಯುವಾಗ ಸ್ವಲ್ಪವಾದರೂ ಭಾರವಿದ್ದಿದ್ದರೆ ಕೈಗೆ ಸಂಶಯ ಬರುತ್ತಿತ್ತಲ್ಲ! ಅದು ಟವೆಲ್ಲಿನಷ್ಟೇ ಸಲೀಸಾಗಿ ಹಾರಿತ್ತು. ಇಂಥ ಹೊತ್ತಿನಲ್ಲೂ ಅದರ ತೂಕದ ಬಗ್ಗೆ ಮೆಚ್ಚುಗೆಯೇ ಮೂಡಿತೆಂದರೆ ನನ್ನ ಭಕ್ತಿ ಎಂಥದೆಂದು ನೀವೇ ತಿಳಿಯಿರಿ.

ಅಷ್ಟರಲ್ಲಿ ಪಕ್ಕದಲ್ಲಿ ಮೋಟಾರ್ ಸೈಕಲ್ಲೊಂದು ನಿಂತಿತು. ನಾಲೆಯ ನೀರು ಬಂದ ಕಾಲಕ್ಕೆ ಆಂಧ್ರದಿಂದ ಬಂದು ಇಲ್ಲಿಯ ಕ್ಯಾಂಪಿನಲ್ಲಿ ನೆಲೆಸಿದ ರೈತ ವೆಂಕಟರಾವ್, ನಮ್ಮ ಬೀಜದ ಕಾಯಂ ಗಿರಾಕಿ. ‘ಏಮೈಂದಿ ಸಾರ್? ಓಡಾಕತ್ತೀರಿ!’ ಎಂದ. ನಾನು ಏದುಸಿರು ಬಿಡುತ್ತ ಬಸ್ಸಿನ ಕಡೆ ಕೈ ಮಾಡಿದೆ. ‘ಎಕ್ಕಂಡಿ ಸಾರ್, ಎಕ್ಕಂಡಿ’ ಎಂದು ಹಿಂದಿನ ಸೀಟು ತಟ್ಟಿದ. ಹತ್ತಿ ಕೂತೆ. ಗಾಡಿ ಒದ್ದರೂ ಚಾಲೂ ಆಗಲಿಲ್ಲ. ಇಳಿದೆ, ನೂಕಿದೆ, ಮತ್ತೆ ಹತ್ತಿದೆ. ಗೊರೇಬಾಳದ ಹತ್ತಿರ ಬಸ್ಸಿನ ಧೂಳು ಕಣ್ಣಿಗೆ ಬೀಳುವಷ್ಟು ಹತ್ತಿರ ಬಂದೆವು. ಅಲ್ಲಿ ವೆಂಕಟರಾವ್ ತಟ್ಟನೆ ಗಾಡಿ ನಿಲ್ಲಿಸಿಬಿಟ್ಟ. ರಸ್ತೆಯ ಪಕ್ಕ ಹಚ್ಚಹಸಿರು ಭತ್ತದ ನಾಟಿ. ‘ಸಾರ್, ಇದು ನಿಮ್ಮ ಬೀಜಾನ ಅಲ್ಲೇನ್ರಿ? ತುದಿ ಯಾಕ ಹಳದಿ ಆಗಾಕತ್ತೈತಿ? ಇಳದು ಒಂದ್ ಸಲ ನೋಡ್ರಿ’ ಎಂದ. ‘ಮಾರಾಯಾ, ನನ್ನ ಮುಖ ನೋಡು, ಅದು ಅದಕ್ಕಿಂತ ಹಳದಿ ಆಗೇದ!’ ಎಂದು ಅವನ ಬೆನ್ನಿಗೆ ಗುದ್ದಿದೆ. ಆದರೂ ಒಂದು ಗರಿ ಕಿತ್ತು ಕಿಸೆಗೆ ಹಾಕಿಕೊಂಡೇ ಅವನು ಗಾಡಿ ಬಿಟ್ಟ.

ಮಸ್ಕಿಯ ಸ್ಟ್ಯಾಂಡಿಗೆ ಹೋದಾಗ ಬಸ್ಸು ನಿಂತಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಜನ ಬಾಗಿಲಿನ ಮೆಟ್ಟಿಲ ತನಕ ನಿಂತಿದ್ದರು. ಇಷ್ಟು ಗದ್ದಲದಲ್ಲಿ ನನ್ನ ಚೀಲ ಎಲ್ಲಿ ಉಳಿದೀತು, ಯಾರದೋ ಕಾಲ ಕೆಳಗೆ ಪುಡಿಪುಡಿಯಾಗಿರುತ್ತದೆ, ಇಲ್ಲವೇ ಯಾರದೋ ಕಂಕುಳಲ್ಲಿ ಇಳಿದು ಹೋಗಿರುತ್ತದೆ ಎಂದುಕೊಂಡು ಜನರ ನಡುವೆ ತೂರಿಕೊಂಡು ಹೋದೆ. ಹೋಗಿ ನೋಡುತ್ತೇನೆ: ಕಿಟಕಿಯ ಪಕ್ಕದ ಸೀಟಿನಲ್ಲಿ ಕೌದಿ ಚೀಲ ಬೆನ್ನು ಒರಗಿಸಿಕೊಂಡು, ಗಾಳಿ ತೆಗೆದುಕೊಳ್ಳುತ್ತ, ಒಬ್ಬ ಪೂರ್ಣ ಪ್ರಮಾಣದ ಪ್ರಯಾಣಿಕನ ಹಾಗೆ ಕೂತಿತ್ತು! ಸುತ್ತ ಜನ ಒಬ್ಬರಿಗೊಬ್ಬರು ಅಂಟಿಕೊಂಡು ನಿಂತಿದ್ದರು. ಆ ಸೀಟನ್ನು ಯಾರೂ ಮುಟ್ಟಿರಲಿಲ್ಲ. ಪಕ್ಕದಲ್ಲಿ ಒಬ್ಬ ಮುದುಕಿ, ಮುಂದಿನ ಸೀಟಿನ ಕಂಬಿಗೆ ಕೈ ಅಡ್ಡ ಹಾಕಿ, ಬಾಗಿಲಿಗೆ ಅಗುಳಿ ಹಾಕಿದಂತೆ ಕೂತಿದ್ದಳು.

‘ಯವ್ವಾ, ಆ ಚೀಲ ನಂದು!’ ಎಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ‘ನಿಂದಾ? ಎಲ್ಲಿ ಹಾಳಾಗಿ ಹೋಗಿದ್ದೆಪ್ಪಾ? ಸಿಂಧನೂರಿಂದ ನಿನ್ನ ಸಲುವಾಗಿ ಒಂದ ಸವನ ಜಗಳಾಡಾಕತ್ತೀನಿ. ಈ ಧೋತರದಾವ ಕುಂದರ್ತೀನಿ ಅಂದ. ಆ ಪ್ಯಾಂಟಿನಾವ ಚೀಲ ತೊಡಿ ಮ್ಯಾಲೆ ಇಟ್ಕೊಂತೀನಿ ಅಂದ. ಯಾರೋ ಪಾಪ ಸೀಟ ಹಿಡದಾನ, ಒಂದಕ್ಕ ಹೋಗ್ಯಾನೋ ಏನೋ, ಬರ್ತಾನ, ಯಾರೂ ಕುಂದರಬ್ಯಾಡ್ರಿ ಅಂದೆ. ಗೊರೇಬಾಳ ಬಂತು, ನೀ ಬರಲಿಲ್ಲ. ಮಸ್ಕಿ ಬಂತು, ನೀ ಬರಲಿಲ್ಲ. ಇಷ್ಟು ಹೊತ್ತು ಯಾರರ ಒಂದಕ್ಕ ಹೋಗ್ತಾರೇನು?’

ಬಸ್ಸೆಲ್ಲ ನಕ್ಕಿತು. ಧೋತರದವನು ತನ್ನ ಪರವಾಗಿ ಒಂದು ಮಾತು ಆಡಿದ: ‘ನಾವೂ ನಾಳಿ ವಸ್ತ್ರ ಹಾಕಾವ್ರ ಅಲ್ಲೇನ್ರಿ. ಅದಕ್ಕ ಸುಮ್ಮನಾದೆ.’ ಕಂಡಕ್ಟರ್ ಮಾತ್ರ ನಗಲಿಲ್ಲ. ‘ಟಿಕೀಟ್ ತಗೋರಿ ಮೊದಲ. ಆವಾಗಿಂದ ಈ ಚೀಲಕ್ಕ ಕೇಳಾಕತ್ತೀನಿ, ಮಾತ ಆಡವಲ್ದು’ ಎಂದವನು, ನನ್ನ ಕೈ ನೋಡಿ, ‘ಇದೇನ್ರಿ, ಹೋಟಲ್ ಗ್ಲಾಸ್ ಯಾಕ ತಂದೀರಿ?’ ಎಂದ. ನೋಡಿದರೆ ಅರ್ಧ ಚಹಾದ ಗ್ಲಾಸು ಇನ್ನೂ ನನ್ನ ಕೈಯಲ್ಲೇ ಇತ್ತು. ಚಹಾ ಗೊರೇಬಾಳದ ಹತ್ತಿರ ವೆಂಕಟರಾವ್‌ನ ಅಂಗಿಯ ಮೇಲೆ ಖರ್ಚಾಗಿತ್ತು. ಗ್ಲಾಸನ್ನು ಕಿಟಕಿಯಿಂದ, ಕೆಳಗೆ ನಿಂತಿದ್ದ ಅವನಿಗೆ ದಾಟಿಸಿ, ಹೋಟೆಲಿಗೆ ಮುಟ್ಟಿಸಲು ಹೇಳಿದೆ.

ಕೂತು, ಬಸ್ಸು ಹೊರಟ ಮೇಲೆ ಕಸೆ ಬಿಚ್ಚಿದೆ. ಮುಚ್ಚಳ ಎತ್ತಿ ಗುಂಡಿ ಒತ್ತಿ ಕಣ್ಣು ಮುಚ್ಚಿಕೊಂಡೆ. ಮುದುಕಿ ‘ಹಾಂ!’ ಎಂದಳು. ಕಣ್ಣು ಬಿಟ್ಟರೆ ಅದೇ ನೀಲಿ ಬೆಳಕು. ಒಂದು ಗೀರಿಲ್ಲ, ಒಂದು ಬಿರುಕಿಲ್ಲ. ಹಿಂದಿನ ದಿನ ನಾನು ಬರೆದು ನಿಲ್ಲಿಸಿದ ಮಾತು ನಿಲ್ಲಿಸಿದ ಜಾಗದಲ್ಲೇ ನನಗಾಗಿ ಕಾಯುತ್ತಿತ್ತು. ನನಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. ಯಂತ್ರವನ್ನು ಹೊಗಳಲೋ, ನೀಲಮ್ಮನ ಕೌದಿಯನ್ನು ಹೊಗಳಲೋ, ಈ ಮುದುಕಿಯ ಕಾಲಿಗೆ ಬೀಳಲೋ ತಿಳಿಯಲಿಲ್ಲ.

‘ಇಷ್ಟು ನಾಜೂಕಿನ ಸಾಮಾನ ಒಗೀತಾರೇನಪಾ?’ ಎಂದಳು ಮುದುಕಿ ಮೆಲ್ಲಗೆ. ‘ಕೌದ್ಯಾಗ ಸುತ್ತಿತ್ತಲ್ಲ, ಯಾರೋ ಕೂಸಿನ್ನ ಒಗದ್ರು ಅಂತ ನನ್ನ ಜೀವ ಹೋದಂಗಾತು. ಕಸೆ ಸಡ್ಲ ಮಾಡಿ ಕೈ ಹಾಕಿ ನೋಡಿದೆ, ತಣ್ಣಗಿತ್ತು, ಮತ್ತಷ್ಟು ಹೆದರಿದೆ.’ ಅವಳು ಮುದಗಲ್ಲಿಗೆ ಮಗಳ ಮನೆಗೆ ಹೊರಟಿದ್ದಳು. ಲಿಂಗಸುಗೂರಿನಲ್ಲಿ ಇಳಿಯುವಾಗ ಕೈ ಮುಗಿದೆ. ನನ್ನ ಹೆಗಲ ಮೇಲಿನ ಟವೆಲ್ಲನ್ನು ಹಿಡಿದು ಜಗ್ಗಿ, ‘ಇನ್ನಮ್ಯಾಗ ಇದನ್ನ ಒಗಿ’ ಎಂದಳು.

ಮನೆಗೆ ಬಂದು ನೀಲಮ್ಮನಿಗೆ ಎಲ್ಲ ಹೇಳಿದೆ. ಅವಳು ಹಣೆ ಹಣೆ ಬಡಿದುಕೊಂಡಳು. ‘ಸಾಹೇಬ್ರ ಮುಂದ ಇದನ್ನ ಬಾಯಿ ಬಿಡಬ್ಯಾಡ್ರಿ. ನಿಮ್ಮ ಭುಜದ ಆಣಿ ಐತಿ’ ಎಂದಳು. ನಾನೂ ಕಬೂಲಾದೆ. ಹೇಳಿ ಬರುವುದೇನಿತ್ತು? ಯಂತ್ರ ಸುಸ್ಥಿತಿಯಲ್ಲಿದೆ, ತಿಂಗಳು ಮುಗಿಯುತ್ತ ಬಂದಿದೆ, ಅದು ನನ್ನದೇ.

ವಾರ ಕಳೆದು ದೇಶಪಾಂಡೆ ಸಾಹೇಬರು ಜೀಪಿನಲ್ಲಿ ಲಿಂಗಸುಗೂರಿನ ಪ್ರವಾಸಿ ಮಂದಿರಕ್ಕೆ ಬಂದರು. ನಾನು ಯಂತ್ರವನ್ನು ಅದರ ಹೊಳೆಯುವ ಕಪ್ಪು ಚೀಲಕ್ಕೆ ಹಾಕಿಕೊಂಡು, ಎದೆಗವಚಿಕೊಂಡು ಹೋಗಿದ್ದೆ. ಸಾಹೇಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಮೂಲೆಗಳನ್ನು ಬೆರಳಿನಿಂದ ಸವರಿದರು. ನಾನು ಸಪ್ಪಳವಿಲ್ಲದ ಗುಂಡಿಗಳನ್ನು, ಕತ್ತಲಲ್ಲಿ ಬೆಳಗುವುದನ್ನು, ತಪ್ಪು ಮಾಯವಾಗುವುದನ್ನು ಬಣ್ಣಿಸಿದೆ. ಅವರು ಎಲ್ಲ ಕೇಳಿಸಿಕೊಂಡು ತಲೆ ಅಲ್ಲಾಡಿಸಿದರು.

‘ಎಲ್ಲಾ ಖರೆ. ಆದ್ರ ಒಂದು ಗೀರ ಬಿದ್ದಿಲ್ಲ, ಒಂದು ಕಣ ಧೂಳಿಲ್ಲ. ಅಂದ್ರ ನೀವು ಇದನ್ನ ಹೊರಗ ತಗದೇ ಇಲ್ಲ. ಮನ್ಯಾಗ ಇಟ್ಟು ಪೂಜಾ ಮಾಡೀರಿ. ನಿಮ್ಮದೂ ತಪ್ಪಿಲ್ಲ ಬಿಡ್ರಿ. ಇಂಥ ಗಾಜಿನ ಗೊಂಬಿ ನಮ್ಮ ಬಸ್ಸಿನಾಗ, ನಮ್ಮ ರಸ್ತ್ಯಾಗ ಒಂದು ದಿನ ಉಳಿಯೂದಿಲ್ಲ. ಪ್ರವಾಸಕ್ಕ ಬರೂದಿಲ್ಲ ಅಂತ ಮ್ಯಾಲಿನವ್ರಿಗೆ ಹೇಳಿಬಿಡ್ತೇನಿ. ಯಾರಿಗೂ ಬ್ಯಾಡ. ಟೈಪ್‌ರೈಟರ್ ಗಟ್ಟಿ ಅದ.’

ನೀಲಮ್ಮನ ಆಣೆ ನೆನಪಿತ್ತು. ಭುಜವೂ ನೆನಪಿತ್ತು. ಸುಮ್ಮನಿದ್ದರೂ ಟೈಪ್‌ರೈಟರು, ಹೇಳಿದರೂ ಟೈಪ್‌ರೈಟರು ಎಂಬುದೂ ಹೊಳೆಯಿತು. ಆದರೆ ಇದಾವುದೂ ಕಾರಣವಲ್ಲ. ಆ ಯಂತ್ರವನ್ನು ಗಾಜಿನ ಗೊಂಬೆ ಎಂದದ್ದನ್ನು ನನ್ನಿಂದ ಸಹಿಸಲಾಗಲಿಲ್ಲ, ಅಷ್ಟೇ. ಎದ್ದು ನಿಂತುಬಿಟ್ಟೆ.

‘ಗಾಜಿನ ಗೊಂಬೀನಾ ಸಾಹೇಬ್ರ? ನಾನು ಇದನ್ನ ಸಿಂಧನೂರ ಸ್ಟ್ಯಾಂಡಿನಾಗ ಓಡೂ ಬಸ್ಸಿನ ಕಿಟಕ್ಯಾಗಿಂದ ಒಳಗ ಒಗದೀನ್ರಿ! ನಾ ಇಲ್ದನ ಮಸ್ಕಿ ತನಕ ಒಂದ ಕುಂತು ಬಂದೈತ್ರಿ! ಸೀಟ ಹಿಡಕೊಂಡು, ಗಾಳಿ ತಗೋತ, ಧಕ್ಕಿಲ್ಲದಂಗ! ಇದಕ್ಕಿಂತ ಪ್ರವಾಸ ಇನ್ನೇನ ಬೇಕ್ರಿ?’

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಮೊದಲಿಂದ ಹೇಳ್ರಿ’ ಎಂದರು. ಹೇಳಿದೆ, ಟವೆಲ್ಲಿನಿಂದ ಹಿಡಿದು ಚಹಾದ ಗ್ಲಾಸಿನವರೆಗೆ. ಮುದುಕಿಯ ‘ಒಂದಕ್ಕ’ ಬಂದಾಗ ಅವರು ಮುಖ ಆಚೆ ತಿರುಗಿಸಿಕೊಂಡರು, ಭುಜ ಕುಲುಕುತ್ತಿತ್ತು. ಕಡೆಗೆ ಕಣ್ಣು ಒರೆಸಿಕೊಂಡು, ‘ಮಶೀನ್ ಪಾಸ್. ಎಲ್ಲಾರಿಗೂ ತರಸೂಣು. ನಿಮ್ಮ ವಿಷಯ...’ ಎಂದವರು ಮಾತು ಮುಗಿಸದೆ, ಯಂತ್ರವನ್ನು ಎತ್ತಿಕೊಂಡು ಜೀಪು ಹತ್ತಿದರು.

ಮುಗಿಸದ ಆ ಮಾತು ದಸರೆಯ ಹೊತ್ತಿಗೆ ಲಾರಿಯಲ್ಲಿ ಬಂತು. ಅದಕ್ಕೂ ಮೊದಲು ಗಂಗಾವತಿಯ, ಮಾ‌ನ್ವಿಯ, ಕುಷ್ಟಗಿಯ ಪ್ರತಿನಿಧಿಗಳೆಲ್ಲ ಹೊಳೆಯುವ ಕಪ್ಪು ಚೀಲಗಳನ್ನು ಹೆಗಲಿಗೆ ಹಾಕಿಕೊಂಡು ಮದುವೆ ಗಂಡುಗಳ ಹಾಗೆ ಓಡಾಡುತ್ತಿದ್ದರು. ಸಾಹೇಬರು ಮಾತಿಗೆ ತಪ್ಪಲಿಲ್ಲ. ಅದೇ ಲ್ಯಾಪ್‌ಟಾಪನ್ನು ನನಗೇ ಕಳಿಸಿದರು, ಟೈಪ್‌ರೈಟರನ್ನು ಗೋದಾಮಿಗೆ ಒಯ್ಯಿಸಿದರು. ಆದರೆ ಲ್ಯಾಪ್‌ಟಾಪು ಬಂದದ್ದು ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ. ದಪ್ಪ ತಗಡು, ಎರಡೂ ಕಡೆ ಕಡಗ, ಮುಂದೆ ಬೀಗ. ಇಷ್ಟು ದೊಡ್ಡದು ಯಾಕೆ ಎಂದು ತಂದವನನ್ನು ಕೇಳಿದೆ. ‘ಸಾಹೇಬ್ರು ಬಸ್ಸಿನ ಕಿಟಕಿ ಅಳತಿ ತರಿಸಿ ಮಾಡಿಸ್ಯಾರ್ರಿ. ಯಾವ ಬಸ್ಸಿನ ಕಿಟಕ್ಯಾಗೂ ಹಿಡಸಬಾರದಂತ’ ಎಂದ. ಪೆಟ್ಟಿಗೆಯನ್ನು ಬಿಟ್ಟು ಯಂತ್ರ ಹೊರಗೆ ಪ್ರಯಾಣ ಮಾಡಕೂಡದೆಂದು ಅಪ್ಪಣೆ.

ನೀಲಮ್ಮ ಪೆಟ್ಟಿಗೆಯನ್ನು ಎತ್ತಿ ನೋಡಲು ಹೋಗಿ, ಎತ್ತಲಾಗದೆ ಬಿಟ್ಟಳು. ಒಳಗೆ ಹೋಗಿ ಎಳ್ಳೆಣ್ಣೆಯ ಗಿಂಡಿಯನ್ನು ಗೋಡೆಯ ಮಾಡದಿಂದ ಇಳಿಸಿದಳು. ಆಮೇಲೆ ನನ್ನ ಮೇಲೆ ಕನಿಕರ ಬಂದು, ಆ ಕೌದಿ ಚೀಲವನ್ನೇ ಬಿಚ್ಚಿ ಪೆಟ್ಟಿಗೆಯ ಮೇಲೆ ಹಾಸಲು ಮೆತ್ತೆ ಮಾಡಿಕೊಟ್ಟಳು. ಈಗ ನನಗೆ ವಸ್ತ್ರ ಹಾಕುವ ಗೋಜಿಲ್ಲ. ಸೀಟು ಸಿಗಲಿ ಬಿಡಲಿ, ಬಸ್ಸಿನ ನಡುವೆ ಪೆಟ್ಟಿಗೆ ಇಟ್ಟು, ಅದರ ಮೇಲಿನ ಕೌದಿಯ ಮೇಲೆ ನೆಮ್ಮದಿಯಾಗಿ ಕೂತು ಹೋಗುತ್ತೇನೆ. ಮೊನ್ನೆ ಮಸ್ಕಿಯಲ್ಲಿ ಇಳಿಯುವಾಗ ಪಕ್ಕದಲ್ಲಿ ನಿಂತಿದ್ದವನೊಬ್ಬ, ‘ಏನೈತ್ರಿ ಇದರಾಗ?’ ಎಂದು ಕುತೂಹಲದಿಂದ ಕೇಳಿದ. ಆ ಯಂತ್ರದ ವಿಷಯ ಬಂದರೆ ನನಗೆ ಈಗಲೂ ಹೆಮ್ಮೆ ತಡೆಯುವುದಿಲ್ಲ.

‘ಕಂಪ್ಯೂಟರ್ ಐತ್ರಿ. ಪ್ರವಾಸಕ್ಕ ಅಂತನ ಮಾಡಿದ್ದು. ಹಗುರ ಅಂದ್ರ ಭಾಳ ಹಗುರ’ ಎಂದೆ. ‘ಸ್ವಲ್ಪ ಆ ಕಡೀ ಕಡಗ ಹಿಡೀರಿ, ಇಳಿಸೂಣು.’